ಮನೇಲಿ ಕೂತು ಕುಚ್ಚು ಹಾಕೋರು ತಮ್ಮ ಗಂಟೆಗೆ ರೇಟ್ ಕಟ್ಕೊಳೋದು ಹೇಗೆ

ಪಕ್ಕದ ಮನೆ ಆಂಟಿ ಒಂದಿನ ಸಂಜೆ ಕವರಲ್ಲಿ ಎರಡು ಸೀರೆ ಹಿಡ್ಕೊಂಡು ಬಂದ್ರು, ಬಾಗಿಲಲ್ಲೇ ನಿಂತು "ನಿಂಗೇನಮ್ಮಾ, ಮನೇಲೇ ಇರ್ತೀಯ, ಟಿವಿ ನೋಡ್ಕೊಂಡು ಹಂಗೇ ಹಾಕ್ಬಿಡು, ದಾರದ ದುಡ್ಡು ಕೊಡ್ತೀನಿ" ಅಂದ್ರು. ನಾನು ಹಲ್ಲು ಬಿಟ್ಕೊಂಡು ಇಸ್ಕೊಂಡೆ, ಯಾಕಂದ್ರೆ ಬೇಡ ಅನ್ನಕ್ಕೆ ಬಾಯಿ ಬರಲಿಲ್ಲ. ರಾತ್ರಿ ಹನ್ನೊಂದರ ತನಕ ಕೂತು ಹಾಕಿದ್ದೂ ಆಯ್ತು, ಅವತ್ತು ಬೇರೆ ಒಬ್ರಿಗೆ ಕೊಡ್ತೀನಿ ಅಂದಿದ್ದ ಸೀರೆ ಹಂಗೇ ಉಳೀತು, ಬೆಳಗ್ಗೆ ಅವ್ರು ಬಂದು ಬೈದ್ರು. ಬಿಟ್ಟಿ ಮಾಡಿಸ್ಕೊಂಡೋರಿಗೆ ಖುಷಿ, ದುಡ್ಡು ಕೊಡೋರಿಂದ ನಂಗೆ ಬೈಗುಳ. ಇದ್ಯಾವ ನ್ಯಾಯ ಅಂತ ಆಂಟಿ ಮೇಲೆ ಸಿಟ್ಟು ಬಂತು ನಿಜ, ಆದ್ರೆ ಆಮೇಲೆ ಯೋಚ್ನೆ ಮಾಡಿದ್ರೆ ತಪ್ಪು ನಂದೇ. ನನ್ ಗಂಟೆಗೆ ಎಷ್ಟು ಅಂತ ನಂಗೇ ಗೊತ್ತಿಲ್ಲ, ಇನ್ನ ಅವ್ರಿಗೆ ಹೇಗೆ ಗೊತ್ತಾಗ್ಬೇಕು.

ನಾನು ತುಮಕೂರಲ್ಲಿ ಮನೇಲೇ ಸೀರೆ ಕುಚ್ಚು ಹಾಕ್ತೀನಿ, ಈಗ ಬ್ಲೌಸೂ ಹೊಲೀತೀನಿ. ಇಲ್ಲಿ ಬರೀತಿರೋದು ಕುಚ್ಚಿನ ಲೆಕ್ಕ, ಆದ್ರೆ ಮನೇಲಿ ಹೋಳಿಗೆ ಮಾಡಿ ಮಾರೋರು, ಟ್ಯೂಷನ್ ಹೇಳೋರು, ಮೆಹೆಂದಿ ಹಾಕೋರು ಯಾರು ಬೇಕಾದ್ರೂ ಕುಚ್ಚು ತೆಗೆದು ತಮ್ ಕೆಲ್ಸ ಇಟ್ಕೊಂಡು ಓದ್ಕೊಬಹುದು.

ಮೊದ್ಲು ರೇಟ್ ಬೇಡ, ಪುಸ್ತಕ ತಗೊಳಿ

ಎಲ್ರೂ ಮೊದ್ಲು ಕೇಳೋದು "ಅಕ್ಕಾ, ಎಷ್ಟು ರೇಟ್ ಇಡ್ಲಿ" ಅಂತ. ಅದು ಆಮೇಲಿನ ಮಾತು. ಮೊದ್ಲು ಒಂದು 20 ರೂಪಾಯಿ ನೋಟ್‌ಬುಕ್ ತಗೊಂಡು, ಪೆನ್ನನ್ನ ಅದಕ್ಕೇ ದಾರದಲ್ಲಿ ಕಟ್ಟಿ (ಇಲ್ಲಾಂದ್ರೆ ಮಕ್ಕಳು ಎತ್ಕೊಂಡು ಹೋಗ್ತಾರೆ), ಒಂದು ತಿಂಗ್ಳು ಸುಮ್ನೆ ಬರೀರಿ. ಯಾವ ಸೀರೆ, ಎಷ್ಟೊತ್ತಿಗೆ ಕೂತೆ, ಎಷ್ಟೊತ್ತಿಗೆ ಎದ್ದೆ, ಯಾಕೆ ಎದ್ದೆ. ಅಷ್ಟೇ. ಫೋನಲ್ಲಿ ಸ್ಟಾಪ್‌ವಾಚ್ ಇಟ್ಕೊಂಡ್ರೆ ಚೆನ್ನಾಗಿರತ್ತೆ ಅಂತಾರೆ, ನಂಗೆ ಅದು ಆಗ್ಲಿಲ್ಲ, ಫೋನ್ ಕೈಗೆ ಬಂದ್ರೆ ವಾಚ್ ನೋಡಲ್ಲ ರೀಲ್ಸ್ ನೋಡ್ತೀನಿ, ಅದಕ್ಕೆ ಗೋಡೆ ಗಡಿಯಾರ ನೋಡಿ ಬರೆದೆ.

ನನ್ ಪುಸ್ತಕದ ಮೊದಲನೇ ಪುಟ ಹೀಗಿದೆ: "ಹಸಿರು ಸೀರೆ. 10.40ಕ್ಕೆ ಕೂತೆ. 11.05 ಗ್ಯಾಸ್ ಬಂತು. 11.15 ಮತ್ತೆ. 11.30 ಅತ್ತೆಗೆ ಕಾಫಿ. 11.50 ಮತ್ತೆ. 12.20 ಕುಕ್ಕರ್." ಅಂದ್ರೆ 10.40ರಿಂದ 12.20ರ ತನಕ ಬೆಳಗ್ಗೆ ಪೂರ್ತಿ ಕೆಲ್ಸ ಮಾಡ್ದೆ ಅಂತ ನಾನು ಅಂದ್ಕೊಂಡಿದ್ರೆ, ಸೀರೆ ಮೇಲೆ ಕೈ ಇದ್ದಿದ್ದು 70 ನಿಮಿಷ. ಇದನ್ನ ನೋಡಿ ಬೇಜಾರ್ ಮಾಡ್ಕೊಬೇಡಿ, ಕೇಂದ್ರ ಸರ್ಕಾರದವ್ರು 2024ರಲ್ಲಿ ಮಾಡಿದ ಟೈಮ್ ಯೂಸ್ ಸರ್ವೆಯಲ್ಲೇ ಬಂದಿದೆ, ಮನೆಕೆಲ್ಸ ಮಾಡೋ ಹೆಂಗಸರು ಸಂಬಳ ಇಲ್ಲದ ಆ ಕೆಲ್ಸಕ್ಕೆ ದಿನಕ್ಕೆ 289 ನಿಮಿಷ ಹಾಕ್ತಾರೆ, ಮಾಡೋ ಗಂಡಸರು 88 ನಿಮಿಷ. ಹತ್ರಹತ್ರ ಐದು ಗಂಟೆ ಹಂಗೇ ಹೋಗಿರತ್ತೆ. ಉಳಿದಿದ್ರಲ್ಲಿ ದುಡಿಮೆ, ಕಲಿಕೆ, ನಿದ್ದೆ ಎಲ್ಲಾ ಆಗ್ಬೇಕು, ಅದಕ್ಕೇ ಉಳಿದಿದ್ದು ಎಷ್ಟು ಅಂತ ಕಣ್ಣಾರೆ ನೋಡ್ಬೇಕು ಅನ್ನೋದು.

ಇನ್ನೊಂದು, ಸೂಜಿ ಹಿಡಿದ ಹೊತ್ತು ಮಾತ್ರ ಬರೀಬೇಡಿ. ಗಿರಾಕಿ ಬಂದು ಕೂತು ಡಿಸೈನ್ ನೋಡಿದ್ದು, ವಾಟ್ಸಾಪಲ್ಲಿ "ಅಕ್ಕಾ ಇನ್ನೊಂದೆರಡು ಫೋಟೋ ಹಾಕಿ" ಅಂದಿದ್ದು, ಕಲರ್ ಮ್ಯಾಚ್ ಮಾಡಕ್ಕೆ ಅಂಗಡಿಗೆ ಹೋಗಿದ್ದು, ಸೆರಗಿನ ಅಂಚು ಸರಿ ಮಾಡಿದ್ದು, ಕಿಟಕಿ ಸರಳಿಗೆ ದಾರ ಸುತ್ತಿ ಎಳೆ ಮಾಡಿ ಇಟ್ಕೊಂಡಿದ್ದು, ಎಲ್ಲಾ ಆ ಸೀರೆ ಖಾತೆಗೇ. ನಾನು ಮೊದ್ಲು ಇದನ್ನ ಬಿಟ್ಟಿದ್ದೆ, ಆಮೇಲೆ ನೋಡಿದ್ರೆ ಒಂದೊಂದು ಮದುವೆ ಸೀರೆಗೆ ಬರೀ ಮಾತುಕತೆನೇ ಎರಡು ಗಂಟೆ ಮೇಲೆ ಆಗಿತ್ತು.

ಈಗ ಲೆಕ್ಕ

ಲೆಕ್ಕ ಕಷ್ಟ ಇಲ್ಲ. ಬಂದ ದುಡ್ಡಲ್ಲಿ ಸಾಮಾನಿನ ಖರ್ಚು ತೆಗೀರಿ, ಉಳಿದಿದ್ದನ್ನ ಗಂಟೆಯಿಂದ ಭಾಗ್ಸಿ. ನಂದು ಹೇಳ್ತೀನಿ ಕೇಳಿ, ನಿಮ್ ಊರಲ್ಲಿ ರೇಟ್ ಬೇರೆ ಇರಬಹುದು.

ಸಾದಾ ಬೇಬಿ ಕುಚ್ಚು ಆಗ 200 ತಗೋತಿದ್ದೆ. ದಾರ, ಜರಿ ಸೇರಿ 30. ಹೊತ್ತು ಒಂದೂ ಮುಕ್ಕಾಲು ಗಂಟೆ. ಗಂಟೆಗೆ 97 ಬಿತ್ತು.

ಕ್ರೋಶಾ ಕುಚ್ಚು (ಕೊಕ್ಕೆ ಕಡ್ಡೀಲಿ ದಾರ ಹೆಣೆದು ಮಾಡೋದು) ಮಣಿ ಹಾಕಿ 600. ಸಾಮಾನು 110. ಏಳು ಗಂಟೆ. ಗಂಟೆಗೆ 70.

ಆಮೇಲೆ ಬಂತು ನೋಡಿ ನನ್ ಹೆಮ್ಮೆಯ ಬ್ರೈಡಲ್ ಕುಚ್ಚು. ಮೂರು ಸುತ್ತು ಕ್ರೋಶಾ, ಮಣಿ, ಕೆಳಗೆ ಎರಡು ಬಣ್ಣದ ಗೊಂಡೆ, ಇದರ ಫೋಟೋನೇ ನನ್ ಸ್ಟೇಟಸ್ಸಲ್ಲಿ ಯಾವಾಗ್ಲೂ ಇರ್ತಿತ್ತು, ಇದನ್ನ ನೋಡೇ ಜನ ಬರ್ತಿದ್ರು. 1,500 ತಗೋತಿದ್ದೆ, ತಗೊಂಡಾಗ ದೊಡ್ಡ ನೋಟು ನೋಡಿ ಏನ್ ಖುಷಿ. ಸಾಮಾನು 380. ಹೊತ್ತು ಮಾತುಕತೆ ಎಲ್ಲಾ ಸೇರಿ 25 ಗಂಟೆ. ಭಾಗ್ಸಿದ್ರೆ ಗಂಟೆಗೆ 44 ರೂಪಾಯಿ ಚಿಲ್ರೆ.

ಮೂರು ಸಲ ಭಾಗ್ಸಿದೆ. ಅಷ್ಟೇ ಬಂತು. ಆಮೇಲೆ ಉದ್ಯೋಗ ಖಾತ್ರಿ ಕೂಲಿ ನೆನಪಾಯ್ತು, ಕರ್ನಾಟಕದಲ್ಲಿ 2025-26ನೇ ಸಾಲಿಗೆ ದಿನಕ್ಕೆ 370, ಎಂಟು ಗಂಟೆ ಅಂತ ಹಿಡಿದ್ರೂ ಗಂಟೆಗೆ 46. ಬಿಸಿಲಲ್ಲಿ ಮಣ್ಣು ಹೊರೋರಿಗೇ ಆ ಕೂಲಿ ಸಾಲ್ದು, ನಾನು ಕಣ್ಣು ಕುತ್ತಿಗೆ ಎರಡನ್ನೂ ಹಾಳು ಮಾಡ್ಕೊಂಡು ಅದಕ್ಕಿಂತ ಕಮ್ಮಿಗೆ "ಡಿಸೈನರ್" ಅನ್ನಿಸ್ಕೊಂಡು ಕೂತಿದ್ದೆ. ನಮ್ಮನೆಯವ್ರಿಗೆ ತೋರಿಸ್ದೆ, ಅವ್ರು ಪುಸ್ತಕ ನೋಡಿ, ನನ್ ಮುಖ ನೋಡಿ, ಏನೂ ಮಾತಾಡ್ದೆ ಹೋಗಿ ಅವ್ರೇ ಕಾಫಿ ಮಾಡ್ಕೊಂಡ್ ಬಂದ್ರು. 88 ನಿಮಿಷದಲ್ಲಿ ಹತ್ತು ನಿಮಿಷ ಅವತ್ತು ಅವ್ರ ಖಾತೆಗೆ.

ಆ ತಿಂಗಳ ಒಟ್ಟು: 103 ಗಂಟೆ, ಕೈಗೆ ಉಳಿದಿದ್ದು 6,280. ಗಂಟೆಗೆ 61. ಈ 61 ಅನ್ನೋ ನಂಬರ್ ಇದೆಯಲ್ಲ, ಇದೇ ಎಲ್ಲಕ್ಕೂ ಬೇಕಾಗಿರೋದು. ಮುಂದೆ ಯಾವುದೇ ವಿಷ್ಯ ಬರ್ಲಿ, ಇದಕ್ಕೆ ತೂಗಿ ನೋಡ್ಬಹುದು. ನಿಮ್ದು 61 ಆಗಿರ್ಲಿ 30 ಆಗಿರ್ಲಿ 300 ಆಗಿರ್ಲಿ, ನಾಚ್ಕೊಬೇಡಿ, ಗೋಡೆ ಕ್ಯಾಲೆಂಡರ್ ಹಿಂದೆ ಬರ್ದಿಡಿ.

ಪುಕ್ಸಟ್ಟೆ ಬಸ್ಸು, ಅಗ್ಗದ ದಾರ

2023ರ ಜೂನಲ್ಲಿ ಶಕ್ತಿ ಯೋಜನೆ ಬಂತಲ್ಲ, ಸಾದಾ ಬಸ್ಸಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲ, ನಂಗೆ ಅದರಿಂದ ತುಂಬಾ ಅನುಕೂಲ ಆಗಿದೆ, ಸುಳ್ಳು ಹೇಳಲ್ಲ, ತವರಿಗೆ ಹೋಗೋದೇ ಜಾಸ್ತಿ ಆಗಿದೆ. ಆದ್ರೆ ದಾರ ತರಕ್ಕೆ ಅಂತ ಬೆಂಗ್ಳೂರು ಚಿಕ್ಕಪೇಟೆಗೆ ಹೋಗ್ತಿದ್ದೆ, ಹೋಲ್‌ಸೇಲಲ್ಲಿ ಒಂದ್ ರೀಲಿಗೆ 8 ರೂಪಾಯಿ ಕಮ್ಮಿ, 70 ರೀಲ್ ತಂದ್ರೆ 560 ಉಳೀತು ಅಂತ. ಬೆಳಗ್ಗೆ ಎಂಟಕ್ಕೆ ಬಿಟ್ರೆ ಸಂಜೆ ಐದು. ಬಸ್ಸಲ್ಲಿ ನಿಂತ್ಕೊಂಡೇ ಹೋಗ್ಬೇಕು, ಸೂಜಿ ಹಿಡಿಯೋ ಮಾತೇ ಇಲ್ಲ. ಒಂಬತ್ತು ಗಂಟೆ ಇಂಟು 61 ಅಂದ್ರೆ 549. ಅಂದ್ರೆ ದಿನ ಪೂರ್ತಿ ಓಡಾಡಿ ಲಾಭ 11 ರೂಪಾಯಿ. ಮೆಜೆಸ್ಟಿಕ್ಕಲ್ಲಿ 20 ರೂಪಾಯಿ ಕಾಫಿ ಕುಡಿದಿದ್ದೆ, ಅಲ್ಲಿಗೆ 9 ರೂಪಾಯಿ ಲಾಸು.

ಹಂಗಂತ ಚಿಕ್ಕಪೇಟೆ ಬಿಟ್ಟಿಲ್ಲ. ವರ್ಷಕ್ಕೆ ಎರಡೇ ಸಲ, ಆರ್ಡರ್ ಇಲ್ಲದ ಕಾಲ್ದಲ್ಲಿ, ಓರಗಿತ್ತಿ ಜೊತೆ, ಇಬ್ರಿಗೂ ಆಗೋಷ್ಟು ತರ್ತೀವಿ. ನಡುವೆ ಬೇಕಾದ್ರೆ ಇಲ್ಲೇ ಅಂಗಡೀಲಿ 8 ರೂಪಾಯಿ ಜಾಸ್ತಿ ಕೊಡ್ತೀನಿ, ಕೊಡುವಾಗ ಹೊಟ್ಟೆ ಉರಿಯಲ್ಲ ಈಗ.

ಮನೆಕೆಲ್ಸಕ್ಕೂ ಇದೇ ತೂಕ ಹಾಕಿ, ಆದ್ರೆ ಸ್ವಲ್ಪ ಹುಷಾರು. ಎಲ್ರೂ ಹೇಳ್ತಾರೆ ದೋಸೆ ಹಿಟ್ಟು ಪ್ಯಾಕೆಟ್ ತಗೊಳಿ ಟೈಮ್ ಉಳಿಯತ್ತೆ ಅಂತ. ನಾನು ಬರ್ದು ನೋಡ್ದೆ. ಗ್ರೈಂಡರ್ ತಿರುಗೋದು ಮುಕ್ಕಾಲು ಗಂಟೆ, ಅದರಲ್ಲಿ ನನ್ ಕೈ ಬೇಕಾಗೋದು ತೊಳೆದು ಎತ್ತಿಡೋ ತನಕ ಸೇರಿ 15 ನಿಮಿಷ, ಉಳಿದ ಹೊತ್ತು ಅದು ತಿರುಗ್ತಿರತ್ತೆ ನಾನು ಗಂಟು ಹಾಕ್ತಿರ್ತೀನಿ. 15 ನಿಮಿಷಕ್ಕೆ ನನ್ ರೇಟಲ್ಲಿ 15 ರೂಪಾಯಿ, ಆ ಹಿಟ್ಟು ನಾಲ್ಕು ದಿನ ಬರತ್ತೆ, ಪ್ಯಾಕೆಟ್ ಯಾಕೆ ತರ್ಲಿ. ಆದ್ರೆ ಪೀಕೋ ಮಾತ್ರ ಅಂಗಡಿಗೇ ಕೊಡ್ತೀನಿ, ಅವ್ರ ಮೆಷಿನ್ನಲ್ಲಿ ಐದು ನಿಮಿಷ, ನಾನು ಕೈಯಲ್ಲಿ ಅಂಚು ಮಡ್ಚಿ ಹೊಲಿಯೋದು ಮುಕ್ಕಾಲು ಗಂಟೆ. ಗಡಿಯಾರ ಓಡಿದ ಹೊತ್ತೇ ಬೇರೆ, ಕೈ ಓಡಿದ ಹೊತ್ತೇ ಬೇರೆ, ಎರಡನ್ನೂ ಒಂದೇ ಅಂತ ಬರ್ಕೊಂಡ್ರೆ ಲೆಕ್ಕ ಎಡವಟ್ಟಾಗತ್ತೆ.

ಮತ್ತೆ ಎಲ್ಲಕ್ಕೂ ರೇಟ್ ಕಟ್ಟಕ್ಕೆ ಹೋಗ್ಬೇಡಿ ಮಾರಾಯ್ರೆ. ಅಮ್ಮನ ಹತ್ರ ಫೋನಲ್ಲಿ ಮಾತಾಡಿದ್ದು ಅರ್ಧ ಗಂಟೆ, 30 ರೂಪಾಯಿ ಹೋಯ್ತು ಅಂತ ಬರ್ಕೊಂಡ್ರೆ ತಲೆ ಕೆಟ್ಟಿದೆ ಅಂತ ಅರ್ಥ. ಮಗಳ ಮಗ್ಗಿ ಒಪ್ಪಿಸ್ಕೊಳೋದು, ದೇವ್ರ ದೀಪ, ಮಧ್ಯಾಹ್ನ ಹತ್ತು ನಿಮಿಷ ಸುಮ್ನೆ ಫ್ಯಾನ್ ನೋಡ್ಕೊಂಡು ಮಲಗೋದು, ಇದೆಲ್ಲಾ ಪುಸ್ತಕದ ಹೊರಗೆ.

ಗಂಟೆ ಗಂಟೆಗೂ ಬೆಲೆ ಬೇರೆ

ಇದು ನಂಗೆ ತಡವಾಗಿ ಗೊತ್ತಾಗಿದ್ದು. ಬೆಳಗ್ಗೆ ಹತ್ತರ ಬೆಳಕು, ರಾತ್ರಿ ಹತ್ತರ ಟ್ಯೂಬ್‌ಲೈಟ್ ಎರಡೂ ಒಂದು ಗಂಟೆನೇ, ಆದ್ರೆ ಒಂದೇ ಅಲ್ಲ. ಒಂದ್ಸಲ ರಾತ್ರಿ ಕೂತು ಮೆರೂನ್ ಅಂಚಿನ ರೇಷ್ಮೆ ಸೀರೆಗೆ ಕುಚ್ಚು ಮುಗ್ಸಿ, ಆಹಾ ಇವತ್ತು ಬೇಗ ಆಯ್ತು ಅಂತ ಮಲಗ್ದೆ, ಬೆಳಗ್ಗೆ ವರಾಂಡದಲ್ಲಿ ಸೀರೆ ಬಿಚ್ಚಿದ್ರೆ ಅರ್ಧ ಸೆರಗಿಗೆ ಮೆರೂನು, ಇನ್ನರ್ಧಕ್ಕೆ ಕಾಫಿ ಬಣ್ಣ. ರೀಲ್ ಖಾಲಿ ಆದಾಗ ಪಕ್ಕದಲ್ಲಿದ್ದಿದ್ದು ತಗೊಂಡಿದೀನಿ, ಲೈಟಲ್ಲಿ ಎರಡೂ ಒಂದೇ ಥರ ಕಂಡಿದೆ. ಒಂದೊಂದೇ ಗೊಂಡೆ ಕತ್ತರಿಸಿ, ಸೀರೆ ಎಳೆ ಕಿತ್ತು ಬರದ ಹಾಗೆ ಉಸಿರು ಹಿಡ್ಕೊಂಡು ತೆಗೆದು, ಮತ್ತೆ ಹಾಕೋದ್ರೊಳಗೆ ಎರಡೂವರೆ ಗಂಟೆ. ಆವತ್ತಿಂದ ಬಣ್ಣ ಆರಿಸೋದು, ಕ್ರೋಶಾ, ಬ್ಲೌಸ್ ಕಟಿಂಗು ಎಲ್ಲಾ ಬೆಳಗ್ಗೆ. ರಾತ್ರಿ ಎಳೆ ಸುತ್ತಿಡೋದು, ಬ್ಲೌಸಿಗೆ ಹುಕ್ಸ್ ಹಾಕೋದು, ಮೆಸೇಜಿಗೆ ಉತ್ತರ ಕೊಡೋದು. ನಿಮ್ ಕೆಲ್ಸದಲ್ಲೂ ತಪ್ಪಾದ್ರೆ ಬಿಚ್ಚಿ ಮಾಡ್ಬೇಕಾದ ಭಾಗ ಯಾವ್ದು ಅಂತ ನೋಡಿ, ಅದನ್ನ ತಲೆ ಚುರುಕಾಗಿರೋ ಹೊತ್ತಿಗೆ ಇಟ್ಕೊಳಿ.

ದಿನಕ್ಕೆ ಹೆಂಗೋ ವರ್ಷಕ್ಕೂ ಹಂಗೇ. ಆಷಾಢದಲ್ಲಿ ಮದುವೆ ಇಲ್ಲ, ಹೊಸ ಸೊಸೆಯಂದ್ರೆಲ್ಲಾ ತವರಲ್ಲಿ, ಆರ್ಡರ್ ಅಂದ್ರೆ ನೊಣ ಹೊಡ್ಕೊಂಡು ಕೂರ್ಬೇಕು. ಪಿತೃಪಕ್ಷ ಹದಿನೈದು ದಿನ, ಧನುರ್ಮಾಸ, ಆಗ್ಲೂ ಅಷ್ಟೇ. ಶ್ರಾವಣ ಕಾಲಿಟ್ಟಿದ್ದೇ ತಡ ವರಮಹಾಲಕ್ಷ್ಮಿ ಹಬ್ಬಕ್ಕೆ ಅಂತ ಸೀರೆ ಮೇಲೆ ಸೀರೆ. ಶ್ರಾವಣದಲ್ಲಿ ಒಂದು ಗಂಟೆ ಕಳ್ಕೊಂಡ್ರೆ ನಿಜವಾಗ್ಲೂ ನೂರು ರೂಪಾಯಿ ಹೋಯ್ತು, ಆಷಾಢದಲ್ಲಿ ಕಳ್ಕೊಂಡ್ರೆ ಹೋಗೋದು ಏನೂ ಇಲ್ಲ, ಯಾಕಂದ್ರೆ ಆ ಗಂಟೆನ ಕೊಳ್ಳೋರೇ ಇಲ್ಲ. ನಾವೇನ್ ಮಾಡ್ತೀವಿ ಅಂದ್ರೆ ಆಷಾಢದಲ್ಲಿ ಆರ್ಡರ್ ಇಲ್ಲ ಅಂತ ಗೋಳಾಡಿ ರೇಟ್ ಇಳಿಸ್ತೀವಿ, ಶ್ರಾವಣದಲ್ಲಿ ಅದೇ ಇಳಿದ ರೇಟಲ್ಲಿ ನಿದ್ದೆಗೆಟ್ಟು ಸಾಯ್ತೀವಿ. ನಾನು ನಾಲ್ಕು ವರ್ಷ ಹಂಗೇ ಮಾಡಿದೀನಿ.

ಈಗ ಆಷಾಢಕ್ಕೆ ರೇಟ್ ಮುಟ್ಟಲ್ಲ. ಆಗ ಎಳೆ ಸುತ್ತಿ ಸುತ್ತಿ ಬಣ್ಣದ ಪ್ರಕಾರ ಡಬ್ಬಿಗೆ ತುಂಬ್ತೀನಿ, ಚಿಕ್ಕಪೇಟೆಗೆ ಹೋಗ್ತೀನಿ, ಹೊಸದು ಏನಾದ್ರೂ ಕಲೀತೀನಿ. ಶ್ರಾವಣದಲ್ಲಿ ಹಬ್ಬಕ್ಕೆ ಹತ್ತು ದಿನ ಮುಂಚೆ ಆರ್ಡರ್ ಬಂದ್, ಅರ್ಜೆಂಟ್ ಅಂದ್ರೆ 100 ಜಾಸ್ತಿ, ಅದೂ ಸಾದಾ ಕುಚ್ಚು ಮಾತ್ರ.

ಬಾಯಿ ಬಿಟ್ಟು ರೇಟ್ ಹೇಳೋದು

ಲೆಕ್ಕ ಸುಲಭ, ಇದೇ ಕಷ್ಟ. ಕನ್ನಡಿ ಮುಂದೆ ನಿಂತು ಪ್ರಾಕ್ಟೀಸ್ ಮಾಡಿ, ತಮಾಷೆ ಅಲ್ಲ. ರೇಟ್ ಹೇಳಿ ಬಾಯಿ ಮುಚ್ಕೊಂಡಿರ್ಬೇಕು, ನಮ್ ರೋಗ ಏನಂದ್ರೆ "220 ಆಗತ್ತೆ" ಅಂತ ಹೇಳಿ ಅವ್ರು ಏನೂ ಅನ್ನೋಕೆ ಮುಂಚೆನೇ "ನಿಮ್ಗಾದ್ರೆ 180 ಕೊಡಿ" ಅಂತ ನಾವೇ ಇಳಿಸಿರ್ತೀವಿ.

ಸಾದಾ 220 ಮಾಡ್ದೆ, ಕ್ರೋಶಾ 700, ಬ್ರೈಡಲ್ 2,400. ಬ್ರೈಡಲ್ಲಿಗೆ 2,400 ಆದ್ರೆ ಗಂಟೆಗೆ 80 ಬೀಳತ್ತೆ, ಅಷ್ಟಾದ್ರೆ ಮಾಡ್ತೀನಿ, ಇಲ್ಲಾಂದ್ರೆ ನಗ್ತಾ ನಗ್ತಾ ಬೇಡ ಅಂತೀನಿ. ಡಿಸೈನ್ ಫೋಟೋ 12 ಮಾತ್ರ ಇಟ್ಟಿದೀನಿ, "ಇನ್ನೂ ಇದ್ಯಾ" ಅಂದ್ರೆ ಇಲ್ಲ. ಸೀರೆ ಕೊಡೋದು ತಗೊಳೋದು ಸಂಜೆ 4ರಿಂದ 5, ಬೇರೆ ಹೊತ್ತಲ್ಲಿ ಬೆಲ್ ಮಾಡಿದ್ರೆ ಅತ್ತೆನೇ ಬಾಗಿಲಲ್ಲಿ "ಅವ್ಳು ಕೆಲ್ಸದಲ್ಲಿದಾಳೆ, ನಾಲ್ಕಕ್ಕೆ ಬನ್ನಿ" ಅಂತಾರೆ. ಅತ್ತೆ ಬಾಯಲ್ಲಿ ಅದನ್ನ "ಕೆಲ್ಸ" ಅನ್ನಿಸಕ್ಕೆ ಪುಸ್ತಕ ತೋರಿಸ್ಬೇಕಾಯ್ತು, ತಿಂಗಳ ಒಟ್ಟು ಓದಿ ಹೇಳಿದ್ಮೇಲೆ ಅವ್ರೇ ಕಾವಲು ನಿಂತ್ಕೊಂಡ್ರು. ಮನೆಯವ್ರಿಗೆ ಉಪದೇಶ ಬೇಡ, ಅಂಕಿ ತೋರ್ಸಿ, ಬೇಗ ಅರ್ಥ ಆಗತ್ತೆ.

ನೆಂಟರಿಷ್ಟರ ಬಿಟ್ಟಿ ಕೆಲ್ಸಕ್ಕೆ ಏನು ಮಾಡೋದು ಅಂತ ಕೇಳ್ತೀರ. ಪೂರ್ತಿ ಇಲ್ಲ ಅನ್ನಕ್ಕಾಗಲ್ಲ, ನಾಳೆ ನಮ್ಮನೆ ಕಾರ್ಯಕ್ಕೆ ಅವ್ರೇ ಬರ್ಬೇಕು. ನಾನು ಅದನ್ನ ಮುಯ್ಯಿ ಅಂತ ಲೆಕ್ಕಕ್ಕೆ ತಗೊಂಡೆ. ಹತ್ರದವ್ರಿಗೆ ವರ್ಷಕ್ಕೆ ಒಂದು ಸೀರೆ, ನನ್ ಕಡೆಯಿಂದ ಉಡುಗೊರೆ, ಖುಷಿಯಾಗಿ ಹಾಕಿ ಕೊಡ್ತೀನಿ. ಎರಡನೇದಕ್ಕೆ ರೇಟ್. ಪಕ್ಕದ ಮನೆ ಆಂಟಿಗೂ ಇದನ್ನೇ ಹೇಳ್ದೆ, ಎರಡು ತಿಂಗ್ಳು ಮಾತು ಬಿಟ್ಟಿದ್ರು, ಆಮೇಲೆ ಅವ್ರ ತಂಗಿ ಮಗಳ ಮದುವೆಗೆ ಐದು ಸೀರೆ ತಂದ್ರು, ದುಡ್ಡು ಕೊಟ್ರು, ಒಂದು ಮಾತು ಅಂದೂ ಹೋದ್ರು, ಅನ್ಲಿ ಬಿಡಿ.

ರೇಟ್ ಏರಿಸಿದ್ಮೇಲೆ ಗಿರಾಕಿ ಹೋದ್ರು, ಹೋಗಲ್ಲ ಅಂತ ಯಾರಾದ್ರೂ ಹೇಳಿದ್ರೆ ನಂಬ್ಬೇಡಿ. ತಿಂಗ್ಳಿಗೆ 103 ಗಂಟೆ ಇದ್ದ ಕೆಲ್ಸ 84ಕ್ಕೆ ಇಳೀತು. ಆದ್ರೆ ಉಳಿದ ದುಡ್ಡು 7,150, ಗಂಟೆಗೆ 85. ದುಡ್ಡು ಸ್ವಲ್ಪ ಜಾಸ್ತಿ, ಜೊತೆಗೆ 19 ಗಂಟೆ ಕೈಯಲ್ಲಿ. ಈ 19 ಗಂಟೆ ಏನ್ ಮಾಡ್ತೀರ ಅನ್ನೋದ್ರ ಮೇಲೆ ಉಳಿದಿದ್ದೆಲ್ಲಾ ನಿಂತಿದೆ. ಅದಕ್ಕೂ ಇನ್ನೊಂದಷ್ಟು ಬೇಬಿ ಕುಚ್ಚು ತುಂಬಿದ್ರೆ ಐದು ವರ್ಷ ಆದ್ಮೇಲೂ ಬೇಬಿ ಕುಚ್ಚೇ.

ಕಲಿಯೋ ಗಂಟೆ

ಕಲಿಯೋದಕ್ಕೆ ಬರೀ ಫೀಸ್ ಲೆಕ್ಕ ಹಾಕಿದ್ರೆ ಸಾಲಲ್ಲ. ನಾನು ಲೈನಿಂಗ್ ಬ್ಲೌಸ್ ಕಲಿತಿದ್ದು ನಮ್ ಬೀದೀಲೇ ಒಬ್ರ ಹತ್ರ, ಫೀಸ್ 4,000. ಕ್ಲಾಸು, ಮನೇಲಿ ಹಳೇ ಬೆಡ್‌ಶೀಟ್ ಮೇಲೆ ಪ್ರಾಕ್ಟೀಸು ಎಲ್ಲಾ ಸೇರಿ 120 ಗಂಟೆ ಹಿಡೀತು. ಆಗ ನನ್ ಗಂಟೆ 61, ಅಂದ್ರೆ ಆ ಹೊತ್ತಲ್ಲಿ ಕುಚ್ಚು ಹಾಕಿದ್ರೆ 7,320 ಬರ್ತಿತ್ತು. ಫೀಸ್ ಸೇರಿ ನಿಜವಾದ ಖರ್ಚು 11,320. ಈಗ ಬ್ಲೌಸಿಗೆ 450, ಲೈನಿಂಗ್ ಬಟ್ಟೆ ದಾರ 60, ಮೂರು ಗಂಟೆ, ಗಂಟೆಗೆ 130. ಮುಂಚಿಗಿಂತ ಗಂಟೆಗೆ 69 ಜಾಸ್ತಿ. 11,320ನ 69ರಿಂದ ಭಾಗ್ಸಿದ್ರೆ 164 ಗಂಟೆ. ದಿನಕ್ಕೆ ಎರಡು ಗಂಟೆ ಬ್ಲೌಸ್ ಹೊಲಿದ್ರೂ ಮೂರು ತಿಂಗಳೊಳಗೆ ಅಸಲು ಬಂತು, ಅಲ್ಲಿಂದ ಮುಂದೆಲ್ಲಾ ಉಳಿತಾಯ. ಯಾವ ಕೋರ್ಸಿಗೇ ಸೇರೋ ಮುಂಚೆ ಈ ಒಂದು ಲೆಕ್ಕ ಹಾಕಿ, ಕಲಿತ ಮೇಲಿನ ರೇಟ್ ಎಷ್ಟು ಅಂತ ಕಲಿಸೋರನ್ನ ಕೇಳ್ಬೇಡಿ, ಆಗ್ಲೇ ಆ ಕೆಲ್ಸ ಮಾಡ್ತಿರೋರನ್ನ ಕೇಳಿ.

ಕೈ ಸುಟ್ಕೊಂಡಿದ್ದೂ ಇದೆ. ಯಾವ್ದೋ ಆನ್‌ಲೈನ್ ಕ್ಲಾಸಿಗೆ 3,500 ಕಟ್ಟಿ, ದಿನಾ ರಾತ್ರಿ ವಿಡಿಯೋ ನೋಡ್ದೆ, ನೋಡೋವಾಗ ಎಲ್ಲಾ ಬರತ್ತೆ ಅನ್ನಿಸ್ತಿತ್ತು, ಸೂಜಿ ಮಾತ್ರ ಮುಟ್ಟಲಿಲ್ಲ. ಎರಡು ತಿಂಗ್ಳು ಆದ್ಮೇಲೆ ಪುಸ್ತಕ ನೋಡಿದ್ರೆ 40 ಗಂಟೆ "ಕಲಿಕೆ" ಅಂತ ಬರ್ದಿದೀನಿ, ಕಲಿತಿದ್ದು ಸೊನ್ನೆ. ಈಗ ವಿಡಿಯೋ ನೋಡಿದ್ದನ್ನ ಕಲಿಕೆ ಖಾತೆಗೆ ಬರೆಯೋದೇ ಇಲ್ಲ. ಕೈಯಲ್ಲಿ ಮಾಡಿದ್ದು ಮಾತ್ರ. ಹತ್ತು ನಿಮಿಷ ನೋಡಿ, ನಲವತ್ತು ನಿಮಿಷ ಮಾಡಿ, ಕೆಟ್ಟದ್ದನ್ನ ಬಿಸಾಕ್ದೆ ಡಬ್ಬೀಲಿ ಇಡಿ, ತಿಂಗ್ಳು ಬಿಟ್ಟು ನೋಡಿದ್ರೆ ಎಷ್ಟು ಮುಂದೆ ಬಂದಿದೀವಿ ಅಂತ ಗೊತ್ತಾಗತ್ತೆ.

ದುಡ್ಡೇ ಕೊಡ್ದೆ ಕಲಿಯೋ ದಾರಿ ಇದೆ, ಬಹಳ ಜನಕ್ಕೆ ಗೊತ್ತಿಲ್ಲ. ಉಜಿರೆಯಲ್ಲಿ 1982ರಲ್ಲಿ ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವ್ರು ಸಿಂಡಿಕೇಟ್ ಬ್ಯಾಂಕ್, ಕೆನರಾ ಬ್ಯಾಂಕ್ ಜೊತೆ ಸೇರಿ ರುಡ್‌ಸೆಟ್ ಸಂಸ್ಥೆ ಶುರು ಮಾಡಿದ್ರು, ಊಟ ವಸತಿ ಕೊಟ್ಟು ಪುಕ್ಸಟ್ಟೆ ಟ್ರೇನಿಂಗ್. ಅದೇ ಮಾದರೀಲಿ ಈಗ ಜಿಲ್ಲೆ ಜಿಲ್ಲೆಗಳಲ್ಲಿ ಬ್ಯಾಂಕಿನವ್ರು ನಡೆಸೋ ಗ್ರಾಮೀಣ ಸ್ವ ಉದ್ಯೋಗ ತರಬೇತಿ ಸಂಸ್ಥೆಗಳಿವೆ, ಹೊಲಿಗೆ ಬ್ಯಾಚ್ ಸುಮಾರು ಒಂದು ತಿಂಗ್ಳು ಇರತ್ತೆ. ಫೀಸ್ ಇಲ್ಲ ಅಂದ್ರೂ ನಿಮ್ ಒಂದು ತಿಂಗಳ ಹೊತ್ತು ಹೋಗತ್ತೆ, ಅದಕ್ಕೇ ಆಷಾಢದಲ್ಲೋ ಧನುರ್ಮಾಸದಲ್ಲೋ ಬೀಳೋ ಬ್ಯಾಚ್ ನೋಡ್ಕೊಳಿ, ಚಿಕ್ಕ ಮಕ್ಕಳಿದ್ರೆ ದಿನಾ ಹೋಗ್ ಬಂದು ಮಾಡಬಹುದಾ ಅಂತ ಮುಂಚೆನೇ ಕೇಳ್ಕೊಳಿ. ಇನ್ನು 2023ರ ಸೆಪ್ಟೆಂಬರಲ್ಲಿ ಶುರುವಾದ ಪಿಎಂ ವಿಶ್ವಕರ್ಮ ಯೋಜನೇಲಿ 18 ಕಸುಬು ಇದೆ, ದರ್ಜಿ ಕೆಲ್ಸನೂ ಅದ್ರಲ್ಲಿದೆ. ಅಲ್ಲಿ ಟ್ರೇನಿಂಗಿಗೆ ಹೋದ್ರೆ ದಿನಕ್ಕೆ 500 ಅವ್ರೇ ಕೊಡ್ತಾರೆ, ಸಾಮಾನಿಗೆ 15,000 ತನಕ ವೋಚರ್, ಮನೇಲಿ ಒಬ್ರಿಗೆ ಮಾತ್ರ. ಕಲಿಯೋ ಗಂಟೆಗೂ ಕೂಲಿ ಸಿಗತ್ತೆ ಅಂದ್ರೆ ಬಿಡ್ಬಾರ್ದು, ಆದ್ರೆ ಅರ್ಜಿ, ಓಡಾಟ, ಕಾಯೋದು, ಇದನ್ನೂ ಪುಸ್ತಕಕ್ಕೆ ಹಾಕಿ ನೋಡಿ, ಐದು ಸಲ ಅಲೆದಾಡ್ಸಿದ್ರೆ ಐದು ದಿನದ ಕೂಲಿ ಅಲ್ಲೇ ಹೋಗಿರತ್ತೆ.

ದಿನಾ ಹೊತ್ತೇ ಸಿಗಲ್ಲ ಅನ್ನೋರಿಗೆ ನಮ್ಮಜ್ಜಿ ಲೆಕ್ಕ ಹೇಳ್ತೀನಿ. ಅಜ್ಜಿಗೆ ಗಂಟೆ ನಿಮಿಷ ಎಲ್ಲಾ ಇರ್ಲಿಲ್ಲ, ಗಳಿಗೆ. ದಿನಕ್ಕೆ 60 ಗಳಿಗೆ, ಒಂದು ಗಳಿಗೆ ಅಂದ್ರೆ 24 ನಿಮಿಷ. "ಒಂದ್ ಗಳಿಗೆ ಕೂತು ಹೋಗೇ" ಅಂತಿದ್ಲು. ನಂಗೆ ಕಲಿಕೆಗೆ ಒಂದು ಗಂಟೆ ಎತ್ತಿಡಕ್ಕೆ ಯಾವತ್ತೂ ಆಗ್ಲಿಲ್ಲ, ಒಂದು ಗಳಿಗೆ ಆಗತ್ತೆ. ಮಧ್ಯಾಹ್ನ ಪಾತ್ರೆ ತೊಳೆದು ಮಗಳು ಸ್ಕೂಲಿಂದ ಬರೋ ಮುಂಚೆ. ತಿಂಗ್ಳಿಗೆ 12 ಗಂಟೆ ಆಯ್ತು. ಆಷಾಢದಲ್ಲಿ ಅದು ದಿನಕ್ಕೆ ನಾಲ್ಕೈದು ಗಳಿಗೆ ಆಗತ್ತೆ.

ಕಲಿಯಕ್ಕೆ ಶುರು ಮಾಡೋ ಮುಂಚೆ ಎಲ್ಲಿ ನಿಲ್ಲಿಸ್ಬೇಕು ಅಂತಾನೂ ಬರ್ದಿಡಿ, ಇದನ್ನ ಯಾರೂ ಹೇಳಲ್ಲ. ನಾನು ಈ ಸಲ ಆರಿ ವರ್ಕ್ ಹಿಡಿದಿದೀನಿ, ಬ್ಲೌಸ್ ತೋಳಿಗೆ ಹಾಕ್ತಾರಲ್ಲ, ಅದು. ಫ್ರೇಮಿಗೆ ಬಟ್ಟೆ ಬಿಗಿಯಾಗಿ ಎಳೆದು ಕಟ್ಟಿ, ಮೇಲಿನ ಕೈಯಲ್ಲಿ ಕೊಕ್ಕೆ ಸೂಜಿ, ಕೆಳಗಿನ ಕೈಯಲ್ಲಿ ದಾರ, ಕೊಕ್ಕೆಗೆ ಸಿಕ್ಕಿಸಿ ಮೇಲಕ್ಕೆ ಎಳೆದು ಸರಪಳಿ ಹೊಲಿಗೆ ಹಾಕ್ಕೊಂಡು ಹೋಗ್ಬೇಕು, ಕೆಳಗಿನ ಕೈ ಕಣ್ಣಿಗೆ ಕಾಣಲ್ಲ, ಅಂದಾಜಿನ ಮೇಲೆ. ಫ್ರೇಮು, ಸೂಜಿ, ದಾರಕ್ಕೆ 1,200 ಹಾಕಿದೀನಿ. ಪುಸ್ತಕದ ಕೊನೇ ಪುಟದಲ್ಲಿ "40 ಗಂಟೆ ಆದ್ರೂ ಗಿರಾಕಿಗೆ ತೋರ್ಸೋ ಥರ ಒಂದು ನವಿಲು ಬರ್ಲಿಲ್ಲ ಅಂದ್ರೆ ಫ್ರೇಮ್ ಓರಗಿತ್ತಿಗೆ" ಅಂತ ಬರ್ದು ಅವ್ಳ ಕೈಲೇ ಸೈನ್ ಹಾಕ್ಸಿದೀನಿ, ಅವ್ಳು ದಿನಾ ಬಂದು ಎಷ್ಟಾಯ್ತು ಅಂತ ಕೇಳ್ತಾಳೆ. ಇವತ್ತಿಗೆ 31 ಗಂಟೆ. ಬಳ್ಳಿ ಬರತ್ತೆ, ಎಲೆ ಬರತ್ತೆ, ನವಿಲು ಇನ್ನೂ ಕೋಳಿ ಥರಾನೇ ಬರ್ತಿದೆ.